ನೆಲಮಾಳಿಗೆಯ ಕಾಣದ ಕೋಣ

ಬಹಳ ಹಿಂದೆ, ಕಲ್ಲಾನೆಗಳೂ ಕಿವಿ ಬೀಸುತ್ತಿದ್ದ ಕಾಲದಲ್ಲಿ, ಕೆಂಗುಡ್ಡ ಅನ್ನುವ ಒಂದು ರಾಜ್ಯವಿತ್ತು. ಅಲ್ಲಿ ಸೂರ್ಯ ದಿನವೂ ಗುಡ್ಡದ ನೆತ್ತಿಗೇ ಬಂದು ಕೂರುತ್ತಿದ್ದ. ಆ ಸೆಕೆಗೆ ಮನೆಯೊಳಗಿಟ್ಟ ರಾಗಿ ಹೆಂಡ ಹಳಸಿಹೋಗುತ್ತಿತ್ತು. ಅದಕ್ಕೇ ಎಲ್ಲರೂ ತಂಪಾದ ನೆಲಮಾಳಿಗೆಯಲ್ಲಿ ಗುಡಾಣ ಇಟ್ಟು ಹೆಂಡ ಮಾಡುತ್ತಿದ್ದರು.

ದ್ಯಾಮವ್ವನ ಹೆಂಡಕ್ಕೆ ರಾಜ್ಯದಲ್ಲೇ ಸಾಟಿಯಿರಲಿಲ್ಲ. ಅದರ ಪರಿಮಳ ಬಂದರೆ ಅರಮನೆ ಬಾಗಿಲ ಕಲ್ಲಾನೆ ಸೊಂಡಿಲೆತ್ತುತ್ತಿತ್ತು. ಹೆಂಡ ಹುಳಿಯುವಾಗ ಪರರ ದೃಷ್ಟಿ ತಾಗಬಾರದು ಅನ್ನುವುದು ಅಲ್ಲಿನ ಪದ್ಧತಿ. ಬೇರೆಯವರು ಬಾಗಿಲಿಗೆ ಗೋಣಿ ಇಳಿಬಿಟ್ಟು ಸುಮ್ಮನಾಗುತ್ತಿದ್ದರು. ನಮ್ಮ ದ್ಯಾಮವ್ವ ಸಣ್ಣ ಬಿರುಕಿಗೂ ಮಣ್ಣು ಮೆತ್ತಿದಳು. ಅವಳ ಹೆಂಡಕ್ಕೆ ದೃಷ್ಟಿಯೂ ಅಷ್ಟೇ ದೊಡ್ಡದು ತಾಗುತ್ತದೆ ಅಂತ ಅವಳ ಜಂಬ. ಇರಲಿ ಬಿಡಿ, ಅಂಥ ಕೈಗುಣ ಇದ್ದವರಿಗೆ ಜಂಬವೂ ಒಪ್ಪುತ್ತದೆ.

ಗುಡ್ಡದ ಬುಡದ ಗುಳಿಯಲ್ಲಿ ಕರಿಗಣ್ಣ ಅನ್ನುವ ಮಂತ್ರವಾದಿ ಇದ್ದ. ಆ ಹೆಂಡವೆಲ್ಲ ತನಗೊಬ್ಬನಿಗೇ ಬೇಕು ಅಂತ ಅವನಿಗೆ ಆಸೆ. ಗುಡಾಣದ ಗುಳ್ಳೆಗಳಿಂದ ಏಳುವ ಉಸಿರಿಗೆ ಮಂತ್ರ ಹಾಕಿ ಒಂದು ಕೋಣ ಮಾಡಿದ. ಅದು ಕಣ್ಣಿಗೆ ಕಾಣದು, ಕಿವಿಗೆ ಕೇಳದು, ಮೈ ಮಾತ್ರ ಬಲು ಭಾರ. ಹೆಂಡ ಕಲಕಲು ಇಳಿದ ದ್ಯಾಮವ್ವನ ಗಂಡ ಬರಮಪ್ಪನ ಉಸಿರನ್ನು ಅದು ನುಂಗಿಬಿಟ್ಟಿತು. ಮೆಟ್ಟಿಲ ಮೇಲೆ ಬಿದ್ದವನನ್ನು ಅವಳು ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡಳು. ಅವನು ಕಣ್ಣು ಬಿಡಲಿಲ್ಲ.

ಕರಿಗಣ್ಣ ಬಾಗಿಲಿಗೆ ಬಂದ. "ಹೆಂಡ ಹದಕ್ಕೆ ಬರುವುದರೊಳಗೆ ನಾನು ನೆಲಮಾಳಿಗೆಗೆ ಬಿಟ್ಟ ಕಾಣದ ಕೋಣನನ್ನು ಅಟ್ಟದಿದ್ದರೆ ನಿನ್ನ ಗಂಡ ಏಳುವುದಿಲ್ಲ. ನನ್ನೊಬ್ಬನಿಗೇ ಹೆಂಡ ಮಾಡಿಕೊಂಡಿರುತ್ತೀಯಾ? ಈಗಲೇ ಎಬ್ಬಿಸುತ್ತೇನೆ."

"ನನ್ನ ಕೈಯ ಹೆಂಡ ಊರಿನದು," ಅಂದಳು ದ್ಯಾಮವ್ವ. "ನಿನ್ನ ಕೋಣನನ್ನು ನಾನೇ ಅಟ್ಟುತ್ತೇನೆ."

ಮೊದಲ ಸಲ ಉರಿಯುವ ಪಂಜನ್ನು ಕೆಳಕ್ಕೆ ಎಸೆದಳು. ಪಂಜು ಆರಿತು, ಕೋಣ ಅಲುಗಲಿಲ್ಲ.

ಎರಡನೇ ಸಲ ಚಾವಣಿಗೆ ಕಿಂಡಿ ಕೊರೆಸಿದಳು. ಪರಿಮಳ ಹೊರಟಿತು, ಕಲ್ಲಾನೆ ಸೊಂಡಿಲೆತ್ತಿತು, ಕೋಣ ಅಲುಗಲಿಲ್ಲ.

ಅವಳಿಗೆ ಅಳುವೇ ಬಂತು. ಅಳುತ್ತ ಅಳುತ್ತ ತವರುಮನೆ ನೆನಪಾಯಿತು. ಅಲ್ಲಿ ಜೋಳದ ಹಗೇವು ತೆಗೆದಾಗ ಅವಳ ಅವ್ವ ಮೊದಲು ಆ ನೆಲದ ಗುಂಡಿಗೆ ದೀಪ ಇಳಿಬಿಡುತ್ತಿದ್ದಳು. ದೀಪ ಉರಿದರೆ ಮನುಷ್ಯರು ಇಳಿಯಬೇಕು, ಆರಿದರೆ ಕಾಯಬೇಕು. ಮೂರನೇ ಸಲ ದ್ಯಾಮವ್ವ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟಳು. ಮೇಲಿನ ಮೆಟ್ಟಿಲಲ್ಲಿ ಚೆನ್ನಾಗಿ ಉರಿಯಿತು. ನೆಲ ಹತ್ತಿರವಾದಂತೆ ಕುಗ್ಗಿ ಆರಿಹೋಯಿತು.

ಕೋಣ ನೆಲಕ್ಕೆ ಮಲಗಿದೆ! ಮಲಗಿದ ಕೋಣನಿಗೆ ಸೂರಿನಲ್ಲಿ ಬಾಗಿಲು ತೆಗೆದರೆ ಏನು ಬಂತು?

ಮನೆ ಇದ್ದದ್ದು ಇಳಿಜಾರಿನಲ್ಲಿ. ದ್ಯಾಮವ್ವ ಸೆರಗು ಕಟ್ಟಿ, ಗುದ್ದಲಿ ಹಿಡಿದು, ಹೊರಗಿನಿಂದಲೇ ನೆಲಮಾಳಿಗೆಯ ನೆಲದ ಮಟ್ಟಕ್ಕೆ ಕಿಂಡಿ ಕೊರೆದಳು. ಮೇಲಿನ ಕಿಂಡಿಯಿಂದ ಗಾಳಿ ನುಗ್ಗಿತು, ಕೆಳಗಿನ ಕಿಂಡಿಯಿಂದ ಕೋಣ ಹೊರಬಿತ್ತು. ಹೊರಬೀಳುತ್ತಲೇ ಬರಮಪ್ಪನ ಉಸಿರನ್ನು ಕಕ್ಕಿತು. ಹುಲ್ಲು ಬಾಗಿಸುತ್ತ ಗುಡ್ಡ ಇಳಿದು, ಕರಿಗಣ್ಣನ ಗುಳಿಗೇ ಹೋಗಿ ಅವನ ಮೇಲೆ ಮಲಗಿತು. ಉಸಿರಿಲ್ಲದವನು ಮಂತ್ರ ಹೇಗೆ ಹೇಳಿಯಾನು? ಮಂತ್ರಗಳೆಲ್ಲ ಗಂಟಲಲ್ಲೇ ಸತ್ತವು. ತೆವಳಿಕೊಂಡು ಮೇಲೆ ಬಂದವನು ರಾಜ್ಯ ಬಿಟ್ಟೇ ಓಡಿದ.

ಇತ್ತ ಬರಮಪ್ಪ ಸೀನಿ ಎದ್ದ. "ಹೆಂಡ ಸೋಸಿದೆಯೇನೇ?" ಅಂದ. ದ್ಯಾಮವ್ವ ನಗುತ್ತಲೇ ಅತ್ತಳು.

ಮೊದಲ ಬಟ್ಟಲಿಗೆ ದೊರೆಯೇ ಬಂದ. ಕಿರೀಟ ಸರಿಮಾಡಿಕೊಂಡು ನೆಲಮಾಳಿಗೆಗೆ ಕಾಲಿಡುವಷ್ಟರಲ್ಲಿ ದ್ಯಾಮವ್ವ ಅಡ್ಡ ನಿಂತಳು.

"ಮೊದಲು ದೀಪ, ಪ್ರಭು. ಆಮೇಲೆ ತಾವು."

ದೊರೆ ಕಾದ. ದೀಪ ನೆಲ ಮುಟ್ಟಿಯೂ ಉರಿಯಿತು. ಆಗ ದೊರೆ ತಲೆ ತಗ್ಗಿಸಿಕೊಂಡು ಅವಳ ಹಿಂದೆ ಇಳಿದ.

ಅಂದಿನಿಂದ ಕೆಂಗುಡ್ಡದ ಮನೆಮನೆಯಲ್ಲೂ ಸೂರಿಗೊಂದು ಕಿಂಡಿ, ನೆಲಕ್ಕೊಂದು ಕೋಣನ ಕಿಂಡಿ. ಹೆಂಡ ಉಕ್ಕಿತು, ಉಸಿರು ಉಳಿಯಿತು, ಊರು ನಕ್ಕಿತು. ದೊರೆಗಿಂತ ಮೊದಲು ದೀಪ ಇಳಿಯುವ ರಾಜ್ಯ ಅದೊಂದೇ, ಆ ದೀಪ ಹಿಡಿದವಳು ನಮ್ಮ ದ್ಯಾಮವ್ವ.