ಪುಸ್ತಕ ಮುಚ್ಚಿ ಹೇಳಿ, ಮೈಥಿಲಿ

"ರೀ… ಮಧ್ಯೆ ಸ್ವಲ್ಪ ಉಸಿರಾದ್ರೂ ತಗೊಳ್ಳಿ!"

ಮೈಥಿಲಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಬಯಾಲಜಿ ಪುಸ್ತಕ ಜಾರಿ ಧೊಪ್ಪೆಂದು ನೆಲಕ್ಕೆ ಬಿತ್ತು. ಅಮೆರಿಕದ ರಾಕ್‌ವಿಲ್‌ನ ಕಮ್ಯುನಿಟಿ ಕಾಲೇಜಿನ ಲೈಬ್ರರಿಯಲ್ಲಿದ್ದವರೆಲ್ಲ ಒಮ್ಮೆ ತಿರುಗಿ ನೋಡಿದರು.

ಕನ್ನಡ! ಇಲ್ಲಿ ಕನ್ನಡ ಮಾತಾಡಿದವರು ಯಾರು?

ಎದುರು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದವನು ಎದ್ದು ಕೂತಿದ್ದ. ಕೆದರಿದ ಕೂದಲು, ಕೆನ್ನೆಯ ಮೇಲೆ ಜಾಕೆಟ್ಟಿನ ಜಿಪ್ಪಿನ ಗುರುತು. ಕಣ್ಣಲ್ಲಿ ಮಾತ್ರ ತುಂಟ ನಗು.

"ನಾನು… ಕನ್ನಡದವಳು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಅರ್ಧ ಗಂಟೆಯಿಂದ 'ಆಸ್ಮೋಸಿಸ್ ಈಸ್ ದ ಮೂವ್‌ಮೆಂಟ್ ಆಫ್ ವಾಟರ್' ಅಂತ ಜಪ ಮಾಡ್ತಿದ್ದೀರಿ. ಮಧ್ಯೆ ಮಧ್ಯೆ 'ಅಯ್ಯೋ ರಾಮ, ಮುಂದೇನು?' ಅಂತೀರಿ. ಆ ರಾಮ ನಮ್ಮ ಕಡೆಯವನೇ ಅಂತ ಗೊತ್ತಾಗಲ್ವಾ?"

ಅವಳ ಕಿವಿ ಕೆಂಪಾಯಿತು. ಪುಸ್ತಕ ಎತ್ತಿಕೊಂಡು, ಚೀಲ ಹೆಗಲಿಗೇರಿಸಿ, ಬಸ್‌ಸ್ಟಾಪಿನ ಕಡೆ ಹೆಚ್ಚುಕಡಿಮೆ ಓಡಿದಳು.

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು… ಅವನ ಹೆಸರೂ ಕೇಳಲಿಲ್ಲ.

'ಕೇಳೋದೇನು? ಗಂಡಸರ ಜೊತೆ ಹಲ್ಲು ಕಿರಿಯೋಕೆ ಬಂದಿದ್ದೀಯಾ, ಓದೋಕೆ ಬಂದಿದ್ದೀಯಾ?' ಎಂದು ತನ್ನನ್ನು ತಾನೇ ಗದರಿಕೊಂಡಳು. ಆದರೂ ಇಳಿಯಬೇಕಾದ ಸ್ಟಾಪ್ ಬರುವವರೆಗೂ ಆ ಜಿಪ್ಪಿನ ಗುರುತು ಕಣ್ಣ ಮುಂದೆಯೇ ಇತ್ತು!

*

ಮೈಥಿಲಿ ಶಾಲೆ ಬಿಟ್ಟಾಗ ಒಂಬತ್ತನೇ ಕ್ಲಾಸು. ಅಮ್ಮ ಹಾಸಿಗೆ ಹಿಡಿದಿದ್ದರು, ಮನೆಗೆ ಒಂದು ಕೈ ಬೇಕಿತ್ತು. ಅಮ್ಮ ಗುಣವಾಗುವ ಹೊತ್ತಿಗೆ ಅವಳ ಗೆಳತಿಯರೆಲ್ಲ ಕಾಲೇಜು ಮುಗಿಸುವುದರಲ್ಲಿದ್ದರು. ಆಮೇಲೆ ಅಪ್ಪ ಶೇಷಾದ್ರಿಗೆ ಮೇರಿಲ್ಯಾಂಡಿನ ದೇವಸ್ಥಾನದಲ್ಲಿ ಅಡುಗೆಯ ಕೆಲಸ ಸಿಕ್ಕಿತು. ನಂಜನಗೂಡಿನಿಂದ ಮೂವರೂ ಇಲ್ಲಿಗೆ ಬಂದರು.

ಮೈಥಿಲಿ ಜಾಸ್ತಿ ಮಾತಾಡುವವಳಲ್ಲ, ನೋಡುವವಳು. ಅಮ್ಮನ ಚೆಕಪ್‌ಗೆ ಹೋದಾಗಲೆಲ್ಲ ಅಲ್ಲಿನ ನರ್ಸುಗಳನ್ನೇ ನೋಡುತ್ತಿದ್ದಳು. ಅವರ ಬಿರುಸು ನಡಿಗೆ, ಮೆತ್ತನೆ ಕೈ… 'ನಾನೂ ಹೀಗಾಗಬೇಕು' ಎಂಬ ಆಸೆ ಯಾವಾಗ ಬೇರು ಬಿಟ್ಟಿತೋ ಅವಳಿಗೇ ತಿಳಿಯದು. ಹೈಸ್ಕೂಲಿಗೆ ಸಮನಾದ ಪರೀಕ್ಷೆ ಎರಡನೇ ಸಲಕ್ಕೆ ಪಾಸಾದಳು. ಈಗ ಈ ಬಯಾಲಜಿ ಕ್ಲಾಸೊಂದು ಚೆನ್ನಾಗಿ ಮುಗಿದರೆ ನರ್ಸಿಂಗ್ ಕೋರ್ಸಿಗೆ ಅರ್ಜಿ ಹಾಕಬಹುದು. ಕೆಟ್ಟರೆ… ಆ ಬಾಗಿಲು ಮುಚ್ಚಿದ ಹಾಗೆಯೇ!

ಓದುವುದೆಂದರೆ ಅವಳಿಗೆ ಗೊತ್ತಿದ್ದುದು ಒಂದೇ ವಿಧಾನ. ಊರಿನ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದು. ಗಟ್ಟಿಯಾಗಿ ಓದು, ಉರು ಹೊಡಿ, ಒಂದಕ್ಷರ ತಪ್ಪದೆ ಒಪ್ಪಿಸು.

ಮರುದಿನ ಸಂಜೆ ಕ್ಲಾಸಿಗೆ ಬಂದರೆ… ಪಕ್ಕದ ಸೀಟಿನಲ್ಲೇ ಆ ಜಿಪ್ಪಿನ ಕೆನ್ನೆಯವನು!

"ನಮಸ್ಕಾರ. ಚಿರಂತನ್. ಬೆಂಗಳೂರು, ಬಸವನಗುಡಿ." ಅವನು ಕೈಮುಗಿದ. "ಈ ಕ್ಲಾಸಿಗೆ ಲೇಟಾಗಿ ಸೇರ್ದೆ. ನಿನ್ನೆ ಹೆದರಿಸಿಬಿಟ್ನಲ್ಲ, ಸಾರಿ."

ಅವನು ಸಾಫ್ಟ್‌ವೇರ್ ಎಂಜಿನಿಯರ್. ಔಷಧಿ ಸಂಶೋಧನೆಯ ಕಂಪನಿಯೊಂದರಲ್ಲಿ ಕೆಲಸ. "ಅಲ್ಲಿ ಸೈಂಟಿಸ್ಟುಗಳು ಏನ್ ಮಾತಾಡ್ತಾರೋ ಒಂದೂ ಅರ್ಥ ಆಗಲ್ಲ. ಮ್ಯಾನೇಜರ್ ಹಿಡಿದು ಇಲ್ಲಿಗೆ ತಳ್ಳಿದ" ಎಂದು ನಕ್ಕ.

"ಮತ್ತೆ ಲೈಬ್ರರಿಗೆ ಬಂದು ಮಲಗ್ತೀರಲ್ಲ?" ಬಾಯಿ ತಪ್ಪಿ ಬಂದ ಮಾತು. ಮೈಥಿಲಿ ತುಟಿ ಕಚ್ಚಿಕೊಂಡಳು.

"ಓಹೋ! ಮಾತು ಬರುತ್ತೆ!" ಅವನ ಮುಖ ಅರಳಿತು. "ನಾನು ಎಂಜಿನಿಯರಿಂಗ್ ಓದಿದ್ದೇ ಹಾಗೆ. ಪರೀಕ್ಷೆಯ ಹಿಂದಿನ ದಿನ ಪುಸ್ತಕ ಮೊದಲ ಸಲ ಬಿಚ್ಚೋದು, ಪರೀಕ್ಷೆ ಮುಗಿದ ದಿನ ಎಲ್ಲಾ ಮರೆಯೋದು."

ಅಂದಿನಿಂದ ಸಂಜೆ ಲೈಬ್ರರಿಯಲ್ಲಿ ಎರಡು ಕುರ್ಚಿ ಒಂದೇ ಮೇಜಿಗೆ ಬಂದವು. ಅವಳು ಮೆಲ್ಲಗೆ ಉರು ಹೊಡೆಯುವಳು. ಅವನು ಕೇಳುತ್ತಾ ಕೇಳುತ್ತಾ ನಿದ್ದೆ ಹೋಗುವನು.

ಒಂದು ದಿನ ಅವನು ನಿದ್ದೆ ಹೋಗಲಿಲ್ಲ. "ಮೈಥಿಲಿ, ಒಂದ್ನಿಮಿಷ. ಪುಸ್ತಕ ಮುಚ್ಚಿ ಹೇಳಿ, 'ಮೆಂಬ್ರೇನ್' ಅಂದ್ರೆ ಏನು?"

ಅವಳು ಪುಸ್ತಕ ಮುಚ್ಚಿದಳು. ಪುಸ್ತಕದ ವಾಕ್ಯವನ್ನೇ ಪಟಪಟ ಒಪ್ಪಿಸಿದಳು.

"ಅದಲ್ಲ… ನಿಮ್ಮ ಮಾತಲ್ಲಿ."

ಅವಳು ಮತ್ತೆ ಪುಸ್ತಕ ತೆರೆದಳು. ನನ್ನ ಮಾತಾ? ಪರೀಕ್ಷೆಗೆ ನನ್ನ ಮಾತು ಯಾರಿಗೆ ಬೇಕು?

*

ಅಕ್ಟೋಬರಿನ ಮೊದಲ ಟೆಸ್ಟು. ಮೈಥಿಲಿಯ ಪೆನ್ನು ನಿಲ್ಲಲೇ ಇಲ್ಲ. ಕಣ್ಣು ಮುಚ್ಚಿದರೆ ಪುಟ ಕಾಣುತ್ತಿತ್ತು! ಅಲ್ಪವಿರಾಮ ಎಲ್ಲಿದೆ ಎನ್ನುವುದೂ ಕಾಣುತ್ತಿತ್ತು.

ಮುಂದಿನ ವಾರ ಉತ್ತರ ಪತ್ರಿಕೆ ಕೈಗೆ ಬಂತು. ಮಾರ್ಕ್ಸ್ ಇಲ್ಲ! ಕೆಂಪು ಶಾಯಿಯಲ್ಲಿ ಒಂದೇ ಸಾಲು, 'ಕ್ಲಾಸಿನ ನಂತರ ನನ್ನನ್ನು ಕಾಣು.'

ಪ್ರೊಫೆಸರ್ ವಾಟ್ಕಿನ್ಸ್ ನೆರೆತ ಕೂದಲಿನ ಹೆಂಗಸು, ನೇರ ಮಾತಿನವರು. ಮೇಜಿನ ಮೇಲೆ ಅವಳ ಪತ್ರಿಕೆಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಇಂಗ್ಲಿಷಿನಲ್ಲಿ ಕೇಳಿದರು.

"ಎರಡು ಪುಟ. ಒಂದು ಪದವೂ ಬೇರೆಯಿಲ್ಲ. ಪರೀಕ್ಷೆ ಬರೆಯುವಾಗ ಪುಸ್ತಕ ಎಲ್ಲಿತ್ತು?"

ಮೈಥಿಲಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಕ್ಷರ ತಪ್ಪದೆ ಬರೆದರೆ ಊರಲ್ಲಿ ಮೇಷ್ಟ್ರು ಬೆನ್ನು ತಟ್ಟುತ್ತಿದ್ದರು. ಇಲ್ಲಿ…?

ಆಮೇಲೆ ಅರ್ಥವಾಯಿತು.

ಕಾಪಿ! ನಾನು ಕಾಪಿ ಹೊಡೆದೆ ಅಂತಿದ್ದಾರೆ!

'ಇಲ್ಲ' ಎನ್ನಬೇಕು. ಕಲಿತ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ! ಅವಳು ತಲೆ ತಗ್ಗಿಸಿ ನಿಂತಳು. ಆ ಮೌನವನ್ನು ಪ್ರೊಫೆಸರ್ ತಪ್ಪೊಪ್ಪಿಗೆ ಎಂದೇ ತಿಳಿದಿರಬೇಕು.

"ಸೋಮವಾರ ಬಾ. ಅಷ್ಟರಲ್ಲಿ ಹೇಳುವುದಿದ್ದರೆ ಯೋಚಿಸಿಕೊಂಡು ಬಾ. ಇಲ್ಲದಿದ್ದರೆ ನಾನು ಮೇಲಿನವರಿಗೆ ತಿಳಿಸಬೇಕಾಗುತ್ತದೆ."

ಹೊರಗೆ ಕಾಯುತ್ತಿದ್ದ ಚಿರಂತನ್, "ಏನಾಯ್ತು?" ಎಂದ. ಅವಳ ಮುಖ, ಕೈಯಲ್ಲಿದ್ದ ಪತ್ರಿಕೆ ನೋಡಿದವನೇ ಸರಕ್ಕನೆ ಒಳಗೆ ಹೋದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೈಥಿಲಿ ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವನ ಇಂಗ್ಲಿಷ್ ಮಾತು ಸ್ಪಷ್ಟವಾಗಿ ಕೇಳಿಸಿತು.

"…ಅವಳು ಬರೆದದ್ದರಲ್ಲಿ ಒಂದು ಪದವೂ ಅವಳಿಗೆ ಅರ್ಥ ಆಗಿಲ್ಲ!"

ಅಲ್ಲಿಂದಾಚೆ ಕೇಳಲು ಅವಳು ನಿಲ್ಲಲಿಲ್ಲ.

'ಇವನೂನಾ? ಇಷ್ಟು ದಿನ ಜೊತೆಗೆ ಕೂತು… ಒಳಗೊಳಗೇ ನಗ್ತಿದ್ನಾ?'

ಬಸ್ಸಿನಲ್ಲಿ ಕಣ್ಣೀರು ನಿಲ್ಲಲಿಲ್ಲ. ಅವನು ಹೇಳಿದ್ದು ಸುಳ್ಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ನಿಜವಾಗಿತ್ತು… ಅದಕ್ಕೇ ಅಷ್ಟು ಚುಚ್ಚಿತು!

*

ಭಾನುವಾರ ದೇವಸ್ಥಾನದಲ್ಲಿ ಜನವೋ ಜನ. ಮೈಥಿಲಿ ಊಟದ ಹಾಲಿನಲ್ಲಿ ಪುಳಿಯೋಗರೆ ಬಡಿಸಲು ನಿಂತಿದ್ದಳು. ಪೇಪರ್ ತಟ್ಟೆಯೊಂದು ಮುಂದೆ ಬಂತು. ಸೌಟು ಎತ್ತಿದವಳು ಅಲ್ಲೇ ನಿಂತಳು.

ಚಿರಂತನ್!

"ಮೈಥಿಲಿ, ಎರಡು ದಿನದಿಂದ ಹುಡುಕ್ತಿದ್ದೀನಿ. ಫೋನ್ ನಂಬರ್ರೂ ಇಲ್ಲ ನನ್ನ ಹತ್ರ. ನಿಮ್ಮಪ್ಪ ಇಲ್ಲಿ ಅಡುಗೆ ಮಾಡ್ತಾರೆ ಅಂದಿದ್ದು ನೆನಪಾಗಿ ಬಂದೆ. ಮಾತಾಡ್ಬೇಕು."

"ಪ್ರಸಾದ ತಗೊಂಡು ಮುಂದೆ ಹೋಗಿ."

"ಒಂದೇ ನಿಮಿಷ…"

"ಮುಂದೆ ಮೊಸರನ್ನ ಇದೆ. ಹೋಗಿ!"

ಕ್ಯೂನಲ್ಲಿ ಅವನ ಹಿಂದಿನಿಂದ ಉಷಾ ಆಂಟಿಯ ಸ್ವರ ಬಂತು. ದೇವಸ್ಥಾನದ ಪ್ರತಿ ಊಟಕ್ಕೂ ತಪ್ಪದೆ ಬರುವವರು ಅವರು. "ಏನಪ್ಪಾ, ಕ್ಯೂ ನಿಂತೇ ಹೋಯ್ತು! ಪುಳಿಯೋಗರೆಗೆ ಇಂಟರ್‌ವ್ಯೂ ನಡೀತಿದ್ಯಾ?"

ಸುತ್ತಲೂ ನಗು. ಚಿರಂತನ್ ಕದಲಲಿಲ್ಲ. ಎಲ್ಲರೆದುರಿಗೇ ಹೇಳಿಬಿಟ್ಟ.

"ನೀವು ಕಳ್ಳಿ ಅಲ್ಲ, ಟೇಪ್ ರೆಕಾರ್ಡರ್ ಅಂದೆ ನಾನು ಅವ್ರಿಗೆ! ಕಾಪಿ ಹೊಡೆದಿಲ್ಲ, ಇಡೀ ಪುಸ್ತಕ ತಲೇಲಿದೆ. ನಮ್ಮೂರಲ್ಲಿ ಹೀಗೇ ಓದಿಸ್ತಾರೆ. ಅರ್ಥ ಆಗದಿದ್ರೂ ಬರೀತಾಳೆ, ಬೇಕಾದ್ರೆ ಯಾವ ಪುಟ ಬೇಕೋ ಕೇಳಿ ನೋಡಿ, ಅಂದೆ!"

ಮೈಥಿಲಿಯ ಸೌಟು ಗಾಳಿಯಲ್ಲೇ ಉಳಿಯಿತು. ಹಾಗಾದರೆ… ನನ್ನ ಪರವಾಗಿ ಮಾತಾಡಿದ್ದಾ?

"ಟೇಪ್ ರೆಕಾರ್ಡರ್ ಅನ್ನೋದು ಹೊಗಳಿಕೆನಾ?" ಎಂದಳು ಸಣ್ಣ ಸ್ವರದಲ್ಲಿ.

"ಆ ಹೊತ್ತಿಗೆ ತೋಚಿದ್ದು ಅದೇ ರೀ." ಅವನು ತಲೆ ಕೆರೆದುಕೊಂಡ. "ಸೋಮವಾರ ಅವ್ರು ನಿಮ್ಮನ್ನ ಬಾಯಲ್ಲೇ ಕೇಳ್ತಾರಂತೆ. ಒಪ್ಪಿಸಿದ್ರೆ ಕಾಪಿ ಅನ್ನೋ ಮಾತು ಹೋಗುತ್ತೆ. ಆದ್ರೆ ಮಾರ್ಕ್ಸ್ ಬೇಕಂದ್ರೆ… ಸ್ವಂತ ಮಾತಲ್ಲಿ ಹೇಳ್ಬೇಕಂತೆ."

"ನಂಗೆ ಅದೇ ಬರಲ್ವಲ್ಲ!"

"ಬರುತ್ತೆ. ನನ್ನ ಬೈಯೋವಾಗ ಎಷ್ಟು ಚೆನ್ನಾಗಿ ಬರುತ್ತೆ!"

"ಅಯ್ಯೋ, ಮದುವೆ ಮಾತುಕತೆ ಆಮೇಲೆ ಮಾಡ್ಕೊಳ್ಳಿ, ಹೊಟ್ಟೆ ಹಸೀತಿದೆ!" ಉಷಾ ಆಂಟಿ ತಟ್ಟೆ ಮುಂದೆ ಚಾಚಿದರು. ಇಬ್ಬರ ಮುಖವೂ ಕೆಂಪಾಯಿತು.

ಬಡಿಸಿ ಮುಗಿಸಿ ಅಡುಗೆಮನೆಗೆ ಬಂದರೆ ಅಲ್ಲಿ ಎರಡನೇ ಸರದಿಯ ಊಟಕ್ಕೆ ಕೋಸಂಬರಿ ಆಗುತ್ತಿತ್ತು. ಮೈಥಿಲಿ ಸೌತೆಕಾಯಿ ಹೆಚ್ಚುತ್ತಾ ತುಟಿಯಲ್ಲೇ ಆಸ್ಮೋಸಿಸ್ ಜಪಿಸುತ್ತಿದ್ದಳು. ಕೈ ತಾನಾಗಿ ಉಪ್ಪಿನ ಡಬ್ಬಿಗೆ ಹೋಯಿತು.

"ಏಯ್ ಮೈಥಿ! ಉಪ್ಪು ಈಗಲೇ ಹಾಕ್ಬೇಡ್ವೇ!" ಅಪ್ಪ ಕೂಗಿದರು. "ಬಡಿಸೋವಾಗ ಹಾಕು. ನೀರು ಬಿಟ್ಕೊಂಡು ಪಾಯಸದ ಥರ ಆಗುತ್ತೆ."

ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ಇಂದು ಅವಳ ಕೈ ಡಬ್ಬಿಯ ಮೇಲೆಯೇ ನಿಂತಿತು.

ನೀರು ಬಿಟ್ಟುಕೊಳ್ಳುತ್ತೆ… ಎಲ್ಲಿಂದ? ಸೌತೆಕಾಯಿಯ ಒಳಗಿಂದ! ಯಾಕೆ? ಹೊರಗೆ ಉಪ್ಪು ಜಾಸ್ತಿ. ಒಳಗಿನ ನೀರು ಪೊರೆ, ಅದೇ ಆ ಮೆಂಬ್ರೇನ್, ದಾಟಿಕೊಂಡು ಉಪ್ಪಿನ ಕಡೆಗೆ…

"ಅಪ್ಪಾ!" ಅವಳು ಚೀರಿದಳು. "ಇದೇ ಆಸ್ಮೋಸಿಸ್ಸು!"

"ಕೋಸಂಬರಿ ಕಣೇ ಅದು" ಎಂದರು ಶೇಷಾದ್ರಿ.

*

ಸೋಮವಾರ. ಪ್ರೊಫೆಸರ್ ವಾಟ್ಕಿನ್ಸ್ ಪುಸ್ತಕ ತೆರೆದು ಯಾವುದೋ ಪುಟದ ಮೊದಲ ಪದ ಹೇಳಿದರು. ಮೈಥಿಲಿ ಕಣ್ಣು ಮುಚ್ಚಿದಳು. ಇಡೀ ಪುಟ ಹೊಳೆಯಂತೆ ಹರಿಯಿತು. ಪ್ರೊಫೆಸರ್ ಬೆರಳಿಟ್ಟು ನೋಡುತ್ತಾ ಹೋದವರು ಕೊನೆಗೆ ಕನ್ನಡಕ ತೆಗೆದರು.

"ನಿನ್ನ ಗೆಳೆಯ ಹೇಳಿದ್ದು ನಿಜ. ನಾನು ತಪ್ಪು ತಿಳಿದಿದ್ದೆ, ಕ್ಷಮಿಸು." ಆಮೇಲೆ ಪುಸ್ತಕ ಮುಚ್ಚಿಟ್ಟರು. "ಈಗ ಆಸ್ಮೋಸಿಸ್ ಅಂದರೆ ಏನು, ನೀನೇ ಹೇಳು."

ಪುಸ್ತಕದ ಸಾಲು ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಅವಳು ಅದನ್ನು ನುಂಗಿಕೊಂಡಳು.

"ನನ್ನ ಅಪ್ಪ ದೇವಸ್ಥಾನದಲ್ಲಿ ಅಡುಗೆ ಮಾಡ್ತಾರೆ…" ಹರಕು ಮುರುಕು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಸೌತೆಕಾಯಿ ಬಂತು. ಉಪ್ಪು ಬಂತು. ನೀರು ಯಾಕೆ ಹೊರಗೆ ಬಂತು, ಉಪ್ಪು ಯಾಕೆ ಅಷ್ಟು ಸುಲಭವಾಗಿ ಒಳಗೆ ಹೋಗಲಿಲ್ಲ, ಪೊರೆ ಯಾರನ್ನು ಬಿಡುತ್ತೆ, ಯಾರನ್ನು ತಡೆಯುತ್ತೆ… ಹೇಳುತ್ತಾ ಹೇಳುತ್ತಾ ಭಯವೇ ಮರೆತುಹೋಯಿತು. ಕೈಗಳೂ ಮಾತಾಡತೊಡಗಿದವು!

ಪ್ರೊಫೆಸರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ನಕ್ಕರು.

"ಮುಂದಿನ ವರ್ಷ ನಾನೂ ಕ್ಲಾಸಿನಲ್ಲಿ ಸೌತೆಕಾಯಿಯ ಉದಾಹರಣೆ ಕೊಡುತ್ತೇನೆ. ಟೆಸ್ಟ್ ಮತ್ತೆ ಬರಿ. ಈ ಸಲ ನಿನ್ನ ಮಾತಿನಲ್ಲಿ."

ಹೊರಗೆ ಚಿರಂತನ್ ಉಗುರು ಕಚ್ಚುತ್ತಾ ನಿಂತಿದ್ದ. ಅವಳ ಮುಖ ನೋಡಿದ್ದೇ, "ಹೇಳಿದ್ನಲ್ಲ!" ಎಂದು ಕುಣಿದೇಬಿಟ್ಟ.

"ನಿಮಗೆಷ್ಟು ಬಂತು ಆ ಟೆಸ್ಟಲ್ಲಿ?" ಮೈಥಿಲಿ ಕೇಳಿದಳು.

ಅವನ ಕುಣಿತ ನಿಂತಿತು. "ಅದು… ಕೇಳ್ಬೇಡಿ."

"ನಾಳೆಯಿಂದ ಮೇಜಿನ ಮೇಲೆ ತಲೆ ಇಡೋ ಹಾಗಿಲ್ಲ. ದಿನಾ ಒಂದು ಪಾಠ. ನೀವು ನಂಗೆ ಹೇಳ್ಬೇಕು, ನಾನು ನಿಮಗೆ ಹೇಳ್ತೀನಿ. ಪುಸ್ತಕ ಮುಚ್ಚಿ!"

"ಆಗ್ಲಿ ಮೇಡಂ" ಎಂದು ಅವನು ಕೈಕಟ್ಟಿ ನಿಂತ.

*

ಡಿಸೆಂಬರ್. ಫೈನಲ್ ಪರೀಕ್ಷೆಯ ಪತ್ರಿಕೆಗಳನ್ನು ಪ್ರೊಫೆಸರ್ ಕ್ಲಾಸಿನಲ್ಲಿ ವಾಪಸ್ ಕೊಟ್ಟರು. ಮೈಥಿಲಿಗೆ 'ಎ'. ಚಿರಂತನ್‌ಗೆ 'ಬಿ'. ಅವನ ಜನ್ಮದಲ್ಲೇ ಹಿಂದಿನ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿ ಬರೆದ ಮೊದಲ ಪರೀಕ್ಷೆಯಂತೆ!

ಇಬ್ಬರೂ ಬಸ್‌ಸ್ಟಾಪಿಗೆ ನಡೆದರು. ಹಗುರವಾಗಿ ಹಿಮ ಉದುರುತ್ತಿತ್ತು. ಇನ್ನು ಲೈಬ್ರರಿ ಇಲ್ಲ, ಒಂದೇ ಮೇಜು ಇಲ್ಲ. ಮೈಥಿಲಿಯ ಎದೆಯಲ್ಲಿ ಏನೋ ಭಾರ.

ಚಿರಂತನ್ ಥಟ್ಟನೆ ನಿಂತ. ಗಂಟಲು ಸರಿ ಮಾಡಿಕೊಂಡ.

"ಮೈಥಿಲಿಯವರೇ… ಜೀವನವೆಂಬ ಪಯಣದಲ್ಲಿ… ತಮ್ಮಂಥ ಸಹೃದಯಿಯ ಸಾಂಗತ್ಯ… ಸಾಂಗತ್ಯ…" ಅವನು ಆಕಾಶ ನೋಡಿದ. "ಅಯ್ಯೋ ರಾಮ, ಮುಂದೇನು?"

ಮೈಥಿಲಿ ಬೆರಗಾಗಿ ನೋಡಿದಳು. "ಉರು ಹೊಡ್ಕೊಂಡು ಬಂದಿದ್ದೀರಾ?"

"ಮೂರು ದಿನದಿಂದ ರೀ! ಕನ್ನಡಿ ಮುಂದೆ ಸರಿಯಾಗಿ ಬರ್ತಿತ್ತು!"

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣು ಮಾತ್ರ ಯಾಕೋ ತುಂಬಿಬಂತು. ದೂರದಲ್ಲಿ ಬಸ್ಸಿನ ದೀಪ ಕಾಣಿಸಿತು.

"ಪುಸ್ತಕ ಮುಚ್ಚಿ, ಚಿರಂತನ್" ಎಂದಳು ಮೆಲ್ಲಗೆ. "ನಿಮ್ಮ ಮಾತಲ್ಲಿ ಹೇಳಿ."

ಅವನು ಉಸಿರು ಎಳೆದುಕೊಂಡ.

"ನೀನಿಲ್ಲದ ಮೇಜಲ್ಲಿ ನಂಗೆ ಓದೋಕೂ ಆಗಲ್ಲ, ನಿದ್ದೇನೂ ಬರಲ್ಲ. ನೀನು ನರ್ಸ್ ಆಗೋವರೆಗೂ ದಿನಾ ಎದುರಿಗೆ ಕೂತು ಪಾಠ ಕೇಳ್ತೀನಿ. ಆಮೇಲೂ ಕೂತಿರ್ತೀನಿ. ನೀನಂದ್ರೆ ನಂಗೆ ತುಂಬಾ ಇಷ್ಟ, ಮೈಥಿಲಿ. ಭಾನುವಾರ ನಿಮ್ಮಪ್ಪನ ಹತ್ರ ಬಂದು ಕೇಳ್ಲಾ?"

'ನೀವು' ಎಂಬುದು ಯಾವಾಗ 'ನೀನು' ಆಯಿತೋ… ಅವನಿಗೂ ತಿಳಿಯಲಿಲ್ಲ, ಅವಳೂ ತಡೆಯಲಿಲ್ಲ.

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಇದುವರೆಗೆ ಒಂದು ಬಸ್ಸನ್ನೂ ತಪ್ಪಿಸದ ಮೈಥಿಲಿ ಡ್ರೈವರನಿಗೆ ಕೈಯಾಡಿಸಿ, ಹೋಗಿ ಎಂದಳು.

"ಬೇಗ ಬಾ" ಎಂದಳು ತಲೆ ತಗ್ಗಿಸಿ. "ಅಪ್ಪ ಕೋಸಂಬರಿಗೆ ಉಪ್ಪು ಹಾಕೋದ್ರೊಳಗೆ ಬಾ."

ಅವನಿಗೆ ನಂಬಿಕೆಯೇ ಬರಲಿಲ್ಲ. "ಅಂದ್ರೆ… ಒಪ್ಪಿಗೆನಾ? ನಾನು ಹೇಳಿದ್ದು ಅರ್ಥ ಆಯ್ತಾ?"

"ಪೂರ್ತಿ ಅರ್ಥ ಆಯ್ತು." ಅವಳು ತಲೆ ಎತ್ತಿ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಆದ್ರೂ ಇನ್ನೊಂದ್ಸಲ ಹೇಳು… ಇದೊಂದನ್ನ ಬಾಯಿಪಾಠ ಮಾಡ್ಕೋಬೇಕು."