ಎತ್ತಿಟ್ಟ ವೈಪರು

ಕರ್ರ್, ಕರ್ರ್. ಇಂಚರ ಬೂಟಿನ ತುದಿಯ ಮೇಲೆ ನಿಂತು ಇನ್ನೊಂದು ಸಲ ಸ್ಕ್ರೇಪರ್ ಎಳೆದಳು. ಕಾರಿನ ಮುಂದಿನ ಗಾಜಿನ ನಟ್ಟನಡುವೆ ಅಂಗೈಯಗಲದ ಐಸ್ ಹಠ ಹಿಡಿದು ಕೂತಿತ್ತು. ಅದೂ ಕೊನೆಗೆ ಕಿತ್ತುಕೊಂಡು ಬಾನೆಟ್ ಮೇಲೆ ಜಾರಿತು.

ಮೂಗಿನಲ್ಲಿ ನೀರು, ಬೆರಳಿಗೆಲ್ಲ ಜೋಮು. ಟೆಂಪರೇಚರ್ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ, ಅದೂ ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಅಂಥ ಚಳಿಯಲ್ಲಿ ಹತ್ತು ವರ್ಷದ ಹುಡುಗಿ ಇಪ್ಪತ್ತು ನಿಮಿಷದಿಂದ ಒಬ್ಬಳೇ ಕಾರು ಕೆರೆಯುತ್ತಿದ್ದಾಳೆ ಅಂದರೆ ಅದಕ್ಕೊಂದು ಕಾರಣ ಇರಲೇಬೇಕು.

ಕಾರಣ ಒಂದು ಬೆಲ್ಟು. ಗಿಳಿಹಸಿರು ಬಣ್ಣದ್ದು, ಹೆಗಲಿನಿಂದ ಸೊಂಟಕ್ಕೆ ಹಾಕಿಕೊಳ್ಳುವಂಥದ್ದು. ಲೊಂಬಾರ್ಡ್ ಊರಿನ ಅವಳ ಶಾಲೆಯಲ್ಲಿ ಐದನೇ ಗ್ರೇಡಿನ ಹತ್ತು ಮಕ್ಕಳಿಗೆ ಮಾತ್ರ ಅದು ಸಿಗುತ್ತದೆ. ಅವರಿಗೆ ಸೇಫ್ಟಿ ಪಟ್ರೋಲ್ ಅಂತ ಹೆಸರು. ಬೆಳಗ್ಗೆ ಎಂಟಕ್ಕೆ ಶಾಲೆಯ ಮೂಲೆಯಲ್ಲಿ ನಿಂತು ಚಿಕ್ಕ ಮಕ್ಕಳನ್ನು ರಸ್ತೆ ದಾಟಿಸಬೇಕು. ಕೈ ಅಡ್ಡ ಹಿಡಿದರೆ ಕಿಂಡರ್‌ಗಾರ್ಟನ್ ಮಕ್ಕಳೆಲ್ಲ ಗಪ್ಪನೆ ನಿಲ್ಲುತ್ತಾರೆ. ಇಂಚರಳ ಮಾತಿಗೆ ಮನೆಯಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ.

ಆದರೆ ಮೂರು ಸಲ ಲೇಟಾಗಿ ಬಂದರೆ ಬೆಲ್ಟು ವಾಪಸ್. ಇಂಚರ ಆಗಲೇ ಎರಡು ಸಲ ಲೇಟಾಗಿದ್ದಳು, ಎರಡು ಸಲವೂ ಈ ಹಾಳು ಐಸಿನಿಂದ. ಬೆಲ್ಟು ಹೋದರೆ ಅದು ಪಟ್ಟಿಯಲ್ಲಿ ಮುಂದಿರುವವರಿಗೆ ಸಿಗುತ್ತದೆ. ಮುಂದಿರುವವಳು ತನ್ಮಯಿ.

ತನ್ಮಯಿ ಇಂಚರಳ ಬಿಲ್ಡಿಂಗಿನವಳೇ, ಅವಳ ಕ್ಲಾಸಿನವಳೇ. ಹೋದ ವರ್ಷದವರೆಗೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದವರು. ಪಟ್ರೋಲ್ ಹೆಸರುಗಳು ಬಂದ ದಿನ ತನ್ಮಯಿ, ನೀನು ಹೇಗೂ ದಿನಾ ಲೇಟು, ಅದು ನನಗೇ ಬರುತ್ತೆ ಬಿಡು ಅಂದಿದ್ದಳು. ಅಂದಿನಿಂದ ಮಾತು ಬಂದ್.

ಅದಕ್ಕೇ ಇಂಚರ ಇವತ್ತು ಏಳೂ ಇಪ್ಪತ್ತಕ್ಕೇ ಕೆಳಗಿಳಿದಿದ್ದಳು. ಅಮ್ಮ ಲ್ಯಾಬ್ ಡ್ಯೂಟಿಗೆ ಆರಕ್ಕೇ ಹೋಗಿಯಾಗಿತ್ತು. ಅಪ್ಪ ಶ್ಯಾಮ್ ಬೆಂಗಳೂರಿನವರ ಜೊತೆ ಆಫೀಸ್ ಕಾಲ್‌ನಲ್ಲಿದ್ದರು. ಸ್ಕ್ರೇಪರ್ ಕೈಗೆ ಕೊಟ್ಟು, ನೀನು ಶುರು ಮಾಡು, ಬಂದೆ ಎಂದು ಸನ್ನೆ ಮಾಡಿದ್ದರು. ಕಾರಿನ ಕೀ ಮಾತ್ರ ಕೊಟ್ಟಿರಲಿಲ್ಲ. ಮಕ್ಕಳ ಕೈಗೆ ಅವರು ಕೀ ಕೊಡುವವರೇ ಅಲ್ಲ.

ಐಸ್ ತೆಗೆಯುವುದಕ್ಕೂ ಆ ಮನೆಯಲ್ಲಿ ಒಂದು ಕ್ರಮವಿತ್ತು. ಮೇಲಿಂದ ಕೆಳಕ್ಕೆ ಕೆರೆಯಬೇಕು. ನಾಲ್ಕು ಮೂಲೆಗಳನ್ನೂ ಬಿಡಬಾರದು. ಆಮೇಲೆ ಪಕ್ಕದ ಕನ್ನಡಿಗಳು. ಕೊನೆಗೆ ವೈಪರಿಗೆ ಅಂಟಿದ ಐಸ್ ಉದುರಿಸಿ, ಎರಡನ್ನೂ ಎತ್ತಿ ನಿಲ್ಲಿಸಬೇಕು. ಹಾಗೇ ಮಲಗಿಸಿಬಿಟ್ಟರೆ ಅಪ್ಪ ಬರುವುದರೊಳಗೆ ಮತ್ತೆ ಗಾಜಿಗೆ ಕಚ್ಚಿಕೊಳ್ಳುತ್ತವೆ.

ಇಂಚರ ಎರಡು ವೈಪರನ್ನೂ ಎತ್ತಿ ನಿಲ್ಲಿಸಿದಳು. ಹಿಂದೆ ಸರಿದು ನೋಡಿದಳು. ಸ್ವಂತ ಕೆಲಸವನ್ನು ಹೊಗಳಿಕೊಳ್ಳಬಾರದು ಅನ್ನುತ್ತಾರೆ, ಆದರೂ ಗಾಜು ಚೆನ್ನಾಗಿಯೇ ಕಾಣುತ್ತಿತ್ತು. ಏಳೂ ನಲವತ್ತಾಗಿತ್ತು. ಹೊರಡಲು ಇನ್ನೂ ಹತ್ತು ನಿಮಿಷವಿತ್ತು.

ಅಪ್ಪ ಬಾಗಿಲು ತಳ್ಳಿಕೊಂಡು ಬಂದರು. ಕೀ ಒತ್ತಿದರು.

ಎದುರಿಗಿದ್ದ ಕಾರು ಸುಮ್ಮನೆ ನಿಂತಿತ್ತು. ಹಿಂದಿನ ಸಾಲಿನ ತುದಿಯಲ್ಲಿ, ಮೂತಿಯಿಂದ ಬಾಲದವರೆಗೆ ಐಸ್ ಹೊದ್ದುಕೊಂಡಿದ್ದ ಇನ್ನೊಂದು ಕಾರು ಕೀಂ ಕೀಂ ಎಂದಿತು.

"ಅಯ್ಯೋ ಮಗಳೇ, ಇದು ನಮ್ಮದಲ್ಲ ಕಣೇ," ಎಂದರು ಅಪ್ಪ.

ಈ ತಪ್ಪು ಬೇರೆ ಯಾರ ಮನೆಯಲ್ಲೂ ಆಗುತ್ತಿರಲಿಲ್ಲ. ಆರು ವರ್ಷದ ಹಿಂದೆ ತನ್ಮಯಿಯ ಅಪ್ಪ ಪ್ರಕಾಶ್ ಅಂಕಲ್ ಮೂರು ತಿಂಗಳು ಓದಿ, ವಿಚಾರಿಸಿ, ಎಕ್ಸೆಲ್ ಶೀಟ್ ಮಾಡಿ ಒಂದು ಕಾರು ಆರಿಸಿದರು. ಬೆಳ್ಳಿ ಬಣ್ಣದ್ದು. ಅವರು ಅಷ್ಟು ನೋಡಿ ಕೊಂಡಿದ್ದಾರೆ ಅಂದಮೇಲೆ ನಾವು ಮತ್ತೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಶ್ಯಾಮ್ ಅದೇ ಕಾರು ಕೊಂಡರು, ಅದೇ ಬಣ್ಣದ್ದು. ಅವರನ್ನು ನೋಡಿ ಇನ್ನಿಬ್ಬರು ಕೊಂಡರು. ಒಂದು ಕುರಿ ಹೋದ ಕಡೆ ಹಿಂಡೆಲ್ಲ ಅನ್ನುತ್ತಾರಲ್ಲ, ಹಾಗೆ. ಈಗ ಆ ಪಾರ್ಕಿಂಗ್ ಲಾಟಿನಲ್ಲಿ ಕನ್ನಡದವರ ಕಾರುಗಳು ನಾಲ್ಕು, ನಾಲ್ಕೂ ಒಂದೇ ಥರ. ನಂಬರ್ ಪ್ಲೇಟ್ ನೋಡೋಣ ಅಂದರೆ ಅದರ ಮೇಲೂ ಸ್ನೋ.

ದೀಪದ ಕಂಬದ ಕೆಳಗೆ ಯಾವಾಗಲೂ ಇಂಚರಳ ಮನೆಯ ಕಾರು ನಿಲ್ಲುತ್ತಿತ್ತು. ಆದರೆ ಜಾಗ ಯಾರ ಹೆಸರಿಗೂ ಇರಲಿಲ್ಲ. ನಿನ್ನೆ ಸಂಜೆ ಅಪ್ಪ ಬರುವಷ್ಟರಲ್ಲಿ ಅಲ್ಲಿ ತನ್ಮಯಿಯ ಅಮ್ಮ ಕಾರು ನಿಲ್ಲಿಸಿದ್ದರು. ಹಿಂದಿನ ಸಾಲಿನಲ್ಲಿ ಹಾಕಿದ್ದೀನಿ ಎಂದು ಅಪ್ಪ ಊಟದ ಹೊತ್ತಿನಲ್ಲಿ ಹೇಳಿಯೂ ಇದ್ದರು. ಟ್ಯಾಬ್ ನೋಡುತ್ತಾ ಉಣ್ಣುವವರ ಕಿವಿಗೆ ಅದು ಬಿದ್ದಿರಲಿಲ್ಲ.

ಅಂದರೆ ಇಂಚರ ಇಪ್ಪತ್ತು ನಿಮಿಷ ಬೆವರು ಸುರಿಸಿ ಹೊಳೆಯುವಂತೆ ಮಾಡಿದ್ದು ತನ್ಮಯಿಯ ಕಾರನ್ನು.

ಅವಳಿಗೆ ಅಳು ಬಂತು. ಅತ್ತರೆ ಕೆನ್ನೆ ಇನ್ನಷ್ಟು ಉರಿಯುತ್ತದೆ ಎಂದು ತಡೆದುಕೊಂಡಳು. ಇಬ್ಬರೂ ಓಡಿ ತಮ್ಮ ಕಾರು ಕೆರೆಯತೊಡಗಿದರು. ಅದು ರಾತ್ರಿ ಮಳೆ ಬಿದ್ದು ಮೇಲೆ ಸ್ನೋ ಕೂತ ಐಸ್, ಅಷ್ಟು ಬೇಗ ಬಿಡುವಂಥದ್ದಲ್ಲ. ಹೀಟರ್ ಹಾಕಿದರೂ ಗಾಜು ಕಣ್ಣು ಬಿಡಲಿಲ್ಲ.

ಅಷ್ಟರಲ್ಲಿ ಬಿಲ್ಡಿಂಗಿನ ಬಾಗಿಲು ತೆರೆಯಿತು. ತನ್ಮಯಿ ಬಂದಳು, ಹಿಂದೆ ಪುಟ್ಟ ತಮ್ಮನನ್ನು ಕಂಕುಳಲ್ಲಿ ಹೊತ್ತ ಅವಳಮ್ಮ ಚೇತನಾ ಆಂಟಿ. ತನ್ಮಯಿ ತಮ್ಮ ಕಾರಿನ ಮುಂದೆ ಗಕ್ಕನೆ ನಿಂತಳು. ಎತ್ತಿ ನಿಂತ ವೈಪರುಗಳನ್ನು ನೋಡಿದಳು. ಮರುಕ್ಷಣ ಬ್ಯಾಗು ಸ್ನೋದಲ್ಲೇ ಎಸೆದು ಬಿಲ್ಡಿಂಗಿನೊಳಗೆ ಓಡಿದಳು.

ಲಂಚ್ ಬಾಕ್ಸ್ ಮರೆತಿರಬೇಕು, ಮರೆಯಲಿ, ಅವಳಿಗೇನು, ಕಾರು ರೆಡಿ ಇದೆಯಲ್ಲ ಎಂದುಕೊಂಡಳು ಇಂಚರ. ಅವಳ ಹೊಟ್ಟೆ ಉರಿಗೆ ಆ ಲಾಟಿನ ಐಸೆಲ್ಲ ಕರಗಬಹುದಿತ್ತು.

ದಾರಿಯಲ್ಲಿ ಅಪ್ಪ ಸಮಾಧಾನ ಹೇಳಿದರು. ಆಫೀಸಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳು, ಗೊತ್ತಿಲ್ಲದೆ ಇನ್ನೊಬ್ಬರ ಕಾರು ಕ್ಲೀನ್ ಮಾಡಿ ಲೇಟಾಯ್ತು ಅಂದರೆ ಅವರೇನು ಬೆಲ್ಟ್ ಕಿತ್ತುಕೊಳ್ಳಲ್ಲ, ನಕ್ಕು ಬಿಟ್ಟುಬಿಡ್ತಾರೆ ಎಂದರು. ಇಂಚರಳಿಗೂ ಅದು ಸರಿ ಅನ್ನಿಸಿತು. ಬೇಕಾದರೆ ತನ್ಮಯಿಯೇ ಸಾಕ್ಷಿ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು.

ಶಾಲೆ ಮುಟ್ಟಿದಾಗ ಎಂಟೂ ಇಪ್ಪತ್ತೆರಡು. ಆಫೀಸಿನಲ್ಲಿ ಮಿಸೆಸ್ ನೊವಾಕ್ ಫೋನಿನಲ್ಲಿದ್ದರು. ಲೇಟ್ ಸ್ಲಿಪ್ ಬರೆಯುವವರೂ ಅವರೇ, ಬೆಲ್ಟುಗಳನ್ನು ನೋಡಿಕೊಳ್ಳುವವರೂ ಅವರೇ. ಕೂತಿರು ಎಂದು ಬೆಂಚು ತೋರಿಸಿದರು. ಇಂಚರ ಕೂತಳು.

ಎರಡು ನಿಮಿಷಕ್ಕೆ ಬಾಗಿಲು ತೆರೆದು ಇನ್ನೊಬ್ಬಳು ಬಂದಳು. ತನ್ಮಯಿ.

ತನ್ಮಯಿ ಲೇಟಾದದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅವಳ ಕಣ್ಣುಗಳು ಕೆಂಪಗಿದ್ದವು. ಇಂಚರಳ ಕಡೆ ನೋಡದೆ ನೇರ ಕೌಂಟರಿನ ಹತ್ತಿರ ನಿಂತಳು. ಮಿಸೆಸ್ ನೊವಾಕ್ ಫೋನ್ ಇಟ್ಟು ಅವಳನ್ನೇ ಮೊದಲು ಕೇಳಿದರು, ಯಾಕೆ ಲೇಟು ಅಂತ. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ.

"ಅಪ್ಪ ಬಂದಿದಾರೆ ಅಂದ್ಕೊಂಡೆ," ಎಂದಳು ತನ್ಮಯಿ. "ಅದಕ್ಕೇ ವಾಪಸ್ ಮನೆಗೆ ಹೋಗಿ ಹುಡುಕ್ತಾ ಇದ್ದೆ."

"ಬಂದಿದ್ರಾ?"

"ಇಲ್ಲ. ಎಲ್ಲಾ ರೂಮೂ ನೋಡಿದೆ. ಬಟ್ಟೆ ಇಡೋ ಕ್ಲಾಸೆಟ್ ಕೂಡ. ಆದ್ರೆ ಕಾರಿನ ವೈಪರ್ ಎತ್ತಿ ನಿಲ್ಲಿಸಿತ್ತು."

ಮಿಸೆಸ್ ನೊವಾಕ್‌ಗೆ ತಲೆಬುಡ ತಿಳಿಯಲಿಲ್ಲ. ಸ್ಲಿಪ್ಪಿನ ಮೇಲೆ 'ಕಾರಿನ ತೊಂದರೆ' ಎಂದು ಬರೆದರು.

ಆ ಆಫೀಸಿನಲ್ಲಿ ಅದು ತಿಳಿದದ್ದು ಇಂಚರಳಿಗೆ ಒಬ್ಬಳಿಗೇ. ಪ್ರಕಾಶ್ ಅಂಕಲ್‌ಗೆ ಸೆಪ್ಟೆಂಬರಿನಲ್ಲಿ ವಾರೆನ್‌ನಲ್ಲಿ ಕೆಲಸ ಸಿಕ್ಕಿತ್ತು, ಮಿಷಿಗನ್‌ನಲ್ಲಿ. ಸುಮಾರು ಮುನ್ನೂರು ಮೈಲಿ. ಸ್ಕೂಲ್ ವರ್ಷ ಮುಗಿಯುವವರೆಗೆ ಮನೆಯವರು ಇಲ್ಲೇ ಇರಲಿ ಎಂದು ಒಬ್ಬರೇ ಅಲ್ಲಿದ್ದರು. ಎರಡು ವಾರಕ್ಕೊಮ್ಮೆ ಶುಕ್ರವಾರ ಬರುತ್ತಿದ್ದರು. ಹೋದ ಸಲ ಸ್ನೋ ಬಿದ್ದು ಬರಲಾಗಿರಲಿಲ್ಲ.

ಮೇಲಿಂದ ಕೆಳಕ್ಕೆ, ನಾಲ್ಕು ಮೂಲೆ, ಆಮೇಲೆ ಕನ್ನಡಿ, ಕೊನೆಗೆ ವೈಪರ್. ಅದನ್ನು ಇಂಚರಳಿಗೆ ಹೇಳಿಕೊಟ್ಟದ್ದು ಅಪ್ಪ. ಅಪ್ಪನಿಗೆ ಹೇಳಿಕೊಟ್ಟದ್ದು ಪ್ರಕಾಶ್ ಅಂಕಲ್, ಕಾರು ಆರಿಸಿಕೊಟ್ಟ ವರ್ಷವೇ. ಅವರು ಇಲ್ಲಿದ್ದಾಗ ಪ್ರತಿ ಬೆಳಗ್ಗೆ ತನ್ಮಯಿ ಕೆಳಗೆ ಬರುವ ಹೊತ್ತಿಗೆ ಅವರ ಕಾರು ಹಾಗೇ ನಿಂತಿರುತ್ತಿತ್ತು, ವೈಪರ್ ಎತ್ತಿಕೊಂಡು.

"ನಿಂದೇನು ಕಾರಣ?" ಎಂದು ಮಿಸೆಸ್ ನೊವಾಕ್ ಇಂಚರಳನ್ನು ಕೇಳಿದರು.

ವಾಕ್ಯ ಬಾಯಲ್ಲಿ ಸಿದ್ಧವಾಗಿತ್ತು. ತನ್ಮಯಿ ಸ್ಲಿಪ್ ಹಿಡಿದು ಅಲ್ಲೇ ನಿಂತು ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಐಸ್," ಎಂದಳು ಇಂಚರ.

ಮಿಸೆಸ್ ನೊವಾಕ್ ಬೈಯಲಿಲ್ಲ. ಮೂರನೇ ಸಲ ಅಲ್ಲವೇನಮ್ಮಾ ಎಂದು ಮೆಲ್ಲಗೆ ಹೇಳಿ ಕೈ ಚಾಚಿದರು. ಇಂಚರ ಬ್ಯಾಗಿನಿಂದ ಬೆಲ್ಟು ತೆಗೆದು, ಮಡಚಿ, ಕೌಂಟರಿನ ಮೇಲಿಟ್ಟಳು. ನಾಳೆಯಿಂದ ಅದು ತನ್ಮಯಿಯದು.

ಸಂಜೆ ಅಪ್ಪ ಕೇಳಿದರು, ಹೇಳಿದೆಯಾ ಅಂತ. ಇಲ್ಲ ಎಂದಳು. ಯಾಕೆ ಎಂದರು. ಅವಳು ಬೂಟು ಬಿಚ್ಚಿ ಬಾಗಿಲ ಪಕ್ಕ ಜೋಡಿಸಿಟ್ಟಳು. ಅಪ್ಪನಿಗೆ ಬೇಜಾರಾಯಿತು. ಆಮೇಲೆ ಅಮ್ಮನ ಹಳೆಯ ಕೆಂಪು ದುಪಟ್ಟಾದಿಂದ ಒಂದು ಪಟ್ಟಿ ಹರಿದು, ಕಾರಿನ ಕನ್ನಡಿಗೆ ಕಟ್ಟಿ ಬಂದರು.

ಮಾರನೇ ದಿನ ಇಂಚರಳಿಗೆ ಬೇಗ ಹೋಗುವ ಕೆಲಸವೇನೂ ಇರಲಿಲ್ಲ. ಆದರೂ ಏಳಕ್ಕೇ ಕೆಳಗಿಳಿದಳು. ಕೆಂಪು ಪಟ್ಟಿ ಹುಡುಕಿ ತಮ್ಮ ಕಾರು ಮುಗಿಸಿದಳು. ಇವತ್ತಿನದು ತೆಳ್ಳನೆಯ ಐಸ್, ಬೇಗ ಬಿಟ್ಟಿತು. ವೈಪರ್ ಎತ್ತಿಟ್ಟಳು.

ಆಮೇಲೆ ದೀಪದ ಕಂಬದ ಕೆಳಗೇ ಮತ್ತೆ ನಿಂತಿದ್ದ ತನ್ಮಯಿಯ ಮನೆಯ ಕಾರಿನ ಹತ್ತಿರ ಬಂದಳು. ಗಾಜಿಗೆ ಸ್ಕ್ರೇಪರ್ ಇಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು.

ಸುಮ್ಮನೆ ಕ್ಲೀನ್ ಮಾಡಿಟ್ಟರೆ ತನ್ಮಯಿ ಬರುತ್ತಾಳೆ, ನೋಡುತ್ತಾಳೆ, ಮತ್ತೆ ಓಡುತ್ತಾಳೆ. ಮತ್ತೆ ಎಲ್ಲಾ ರೂಮು. ಮತ್ತೆ ಕ್ಲಾಸೆಟ್.

ಇಂಚರ ಸ್ಕ್ರೇಪರ್ ತೆಗೆದಳು. ಮೆಟ್ಟಿಲು ಹತ್ತಿ ಹೋಗಿ ಬೆಲ್ ಒತ್ತಿದಳು.

ಬಾಗಿಲು ತೆಗೆದದ್ದು ಚೇತನಾ ಆಂಟಿ. ಅವರು ಹುಬ್ಬಳ್ಳಿ ಕಡೆಯವರು. "ಬಾರವಾ ಇಂಚರಾ. ಇಷ್ಟ್ ಲಗೂ ಎದ್ದು ಬಂದೀಯಲ್ಲ, ಏನಾತು?" ಎಂದರು. ಕಂಕುಳಲ್ಲಿದ್ದ ತಮ್ಮ ಸ್ಕ್ರೇಪರಿಗೆ ಕೈ ಹಾಕಿದ. ತನ್ಮಯಿ ಟೋಸ್ಟ್ ಕಚ್ಚುತ್ತಾ ಬಂದು ಬಾಗಿಲಲ್ಲಿ ನಿಂತಳು.

ಇಂಚರ ಅವಳ ಬೂಟುಗಳನ್ನೇ ನೋಡುತ್ತಾ ಹೇಳಿದಳು. "ನಿನ್ನೆ ನಿಮ್ಮ ಕಾರ್ ಕ್ಲೀನ್ ಮಾಡಿದ್ದು ನಾನು. ನಮ್ಮದು ಅಂದ್ಕೊಂಡು ಮಾಡ್ಬಿಟ್ಟೆ. ಸಾರಿ."

ತನ್ಮಯಿ ಟೋಸ್ಟ್ ಕೆಳಗಿಳಿಸಿದಳು. "ವೈಪರ್?"

"ಅದೂ ನಾನೇ. ನಮ್ಮಪ್ಪಂಗೆ ನಿಮ್ಮಪ್ಪ ಹೇಳ್ಕೊಟ್ಟಿದ್ದು."

ತನ್ಮಯಿ ತಿರುಗಿ ಒಳಗೆ ಹೋದಳು. ಆಯಿತು, ಇನ್ನು ಜನ್ಮದಲ್ಲಿ ಮಾತಾಡುವುದಿಲ್ಲ ಎಂದುಕೊಂಡಳು ಇಂಚರ. ಸ್ವಲ್ಪ ಹೊತ್ತಿಗೆ ತನ್ಮಯಿ ಜಾಕೆಟ್ ಹಾಕಿಕೊಂಡು ಬಂದಳು. ಕೈಯಲ್ಲಿ ಅವರ ಮನೆಯ ಸ್ಕ್ರೇಪರ್ ಇತ್ತು, ಉದ್ದ ಹಿಡಿಯದ್ದು.

ಕೆಳಗೆ ಇಬ್ಬರೂ ಆಚೆಗೊಬ್ಬಳು ಈಚೆಗೊಬ್ಬಳು ನಿಂತರು. ಇಂಚರ ಮೇಲಿಂದ ಕೆಳಕ್ಕೆ ಕೆರೆದಳು. ತನ್ಮಯಿಯೂ ಹಾಗೇ ಕೆರೆದಳು. ಬೆಲ್ಟಿನ ಮಾತು ಇಬ್ಬರೂ ಎತ್ತಲಿಲ್ಲ. ನಡುವೆ ಒಮ್ಮೆ ತನ್ಮಯಿ, ಇವತ್ತು ಶುಕ್ರವಾರ, ಅಪ್ಪ ಹೈವೇಯಿಂದ ನಮ್ಮೂರ ಎಕ್ಸಿಟ್ ದಾಟಿದ ಮೇಲೆ ಫೋನ್ ಮಾಡ್ತಾರೆ ಎಂದಳು. ಸ್ನೋ ಬೀಳದಿದ್ದರೆ ಎಂದೂ ಸೇರಿಸಿದಳು.

ನಾಲ್ಕು ಮೂಲೆ ಮುಗಿಯಿತು, ಕನ್ನಡಿ ಮುಗಿಯಿತು. ಇಂಚರ ತನ್ನ ಕಡೆಯ ವೈಪರಿಗೆ ಕೈ ಹಾಕಿದವಳು ಕೈ ಹಿಂದಕ್ಕೆ ತೆಗೆದುಕೊಂಡು, ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ನಿಂತಳು.

ತನ್ಮಯಿ ಕಾರನ್ನು ಸುತ್ತಿಕೊಂಡು ಬಂದು, ಎರಡು ವೈಪರನ್ನೂ ತಾನೇ ಎತ್ತಿ ನಿಲ್ಲಿಸಿದಳು.