ಎಡ ಎದೆಯ ಪದಕಗಳು

"ಹಾಕ್ಕೊಳ್ಳಲೇಬೇಕು ಅಂದ್ರೆ ಬಲಗಡೆ ಹಾಕ್ಕೋ, ಸಿಲಾಸ್. ಎಡಗಡೆ ಮಾತ್ರ ಬೇಡ," ಎಂದಳು ಹೆಸ್ಟರ್.

ಸಿಲಾಸ್ ಪೆಂಗೆಲ್ ಕನ್ನಡಿಯ ಮುಂದೆ ನಿಂತು ಹೆಂಡತಿಯ ಮಾತಿಗೆ ನಕ್ಕ. ಪದಕ ಗಳಿಸಿದವನು ಅದನ್ನು ಎಡ ಎದೆಗೆ ತೊಡಬೇಕು, ಸತ್ತವರ ಪದಕವನ್ನು ಮನೆಯವರು ಬಲ ಎದೆಗೆ. ಮಹಾಯುದ್ಧ ಮುಗಿದಾಗಿನಿಂದ ಬೆಕ್ಸ್‌ಹಿಲ್‌ನಲ್ಲಿ ಬೀದಿನಾಯಿಗೂ ಇದು ಗೊತ್ತಿತ್ತು. ಆದರೆ ಇವನಿಗೆ ಬೇಕಾಗಿದ್ದದ್ದು ಎಡಗಡೆಯೇ. ಜೀವಮಾನವೆಲ್ಲ ಧಾನ್ಯದ ಮಂಡಿಯಲ್ಲಿ ಗುಮಾಸ್ತನಾಗಿದ್ದವನು ಮದುವೆಯಾಗಿ ಹೆಂಡತಿಯೊಂದಿಗೆ ಈ ಹೊಸ ಊರಿಗೆ ಬಂದಾಗ, ಅಫ್ಘಾನ್ ಯುದ್ಧದಲ್ಲಿ ದಂಡಿನ ಉಗ್ರಾಣ ನೋಡಿಕೊಂಡವನು ತಾನೇ ಎಂದು ಕ್ಲಬ್ಬಿನಲ್ಲಿ ಬುರುಡೆ ಬಿಟ್ಟಿದ್ದ. ಬುರುಡೆ ಬೆಳೆದು ಇವತ್ತು, ಯೋಧರ ನೆನಪಿನ ದಿನದ ಊಟಕ್ಕೆ, ಜನರಲ್ ಸಾಹೇಬರ ಪಕ್ಕದಲ್ಲೇ ಕುರ್ಚಿ ಗಿಟ್ಟಿತ್ತು. ಬರೀ ಎದೆಯಲ್ಲಿ ಹೋದರೆ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು.

ಪದಕಗಳು ಹೆಸ್ಟರಳ ಮೊದಲ ಗಂಡ ಮೇಜರ್ ಆಂಬ್ರೋಸ್ ಥಾರ್ಲೆಯವು. ಅಫ್ಘಾನಿಸ್ತಾನ, ಈಜಿಪ್ಟ್, ಸೂಡಾನ್. ದಂಡು ಹೋದಲ್ಲೆಲ್ಲ ಹಿಟ್ಟು, ಮಾಂಸ, ಒಂಟೆ ಹೊಂದಿಸಿಕೊಟ್ಟಿದ್ದಕ್ಕೆ ಸಿಕ್ಕಿದವು. ಹೇಗೆ ಹೊಂದಿಸಿದ ಎಂಬುದನ್ನು ಸಾಯುವ ಮುಂಚೆ ಅವನೇ ಹೆಂಡತಿಗೆ ಹೇಳಿದ್ದ. ಅಫ್ಘಾನ್ ಯುದ್ಧಕ್ಕೆ ಹೋಗುವ ದಾರಿಯ ಬೋಲಾನ್ ಕಣಿವೆಯಲ್ಲಿ ಒಂಟೆ ಹೊಡೆಯುವವರ ಹಿಟ್ಟನ್ನು ಸಿಪಾಯಿಗಳಿಗೆ ಹಂಚಿ, ಉಳಿದದ್ದಕ್ಕೆ ಮರಳು ಬೆರೆಸಿ ಒಂಟೆಯವರ ಚೀಲಕ್ಕೆ ತುಂಬಿಸಿದ್ದ. ಆ ಬಡಪಾಯಿಗಳು ಅದನ್ನೇ ತಿಂದು, ಹೊಟ್ಟೆ ಹಿಡಿದುಕೊಂಡು ಹಿಮದಲ್ಲಿ ಸತ್ತರು. ಅವರಲ್ಲೊಬ್ಬನ ಹೆಂಡತಿ ಗಂಡನ ಕೂದಲಿಗೆ ಗಂಟುಗಳನ್ನು ಹಾಕಿ, ಪ್ರತಿ ಗಂಟಿಗೂ ಉಸಿರು ಊದಿ, ಈ ಕೆಲಸವನ್ನು ತನ್ನ ಹಿರಿಮೆ ಎಂದು ಹೇಳಿಕೊಂಡವನ ತುತ್ತು ಮರಳಾಗಲಿ ಎಂದು ಮಾಟ ಮಾಡಿದಳು. ಆ ಕೂದಲು ಮೇಜರನ ಕೋಟಿನ ಒಳಗೆ, ಎಡ ಎದೆಯ ಹತ್ತಿರ ಸಿಕ್ಕಿತು. ಅವನು ಸುಟ್ಟುಹಾಕಿದ. ಮುಂದೆ ಪದಕ ಬಂದಾಗ ಅದರ ಪಟ್ಟಿಯ ಹಿಂದೆ ಅದೇ ಕೂದಲು, ಅದೇ ಗಂಟುಗಳು. ಕೊನೆಗೆ ಮೇಜರ್ ಊಟ ತುಂಬಿದ ಮೇಜಿನ ಮುಂದೆ ಕೂತು, ಹಸಿವಿನಿಂದ ಒಣಗಿ ಸತ್ತ.

ಅಂದಿನಿಂದ ಹೆಸ್ಟರ್ ವರ್ಷಕ್ಕೊಮ್ಮೆ, ಹೊರಗಿನವರು ಕಾಣದಂತೆ ಮನೆಯೊಳಗೇ, ಆ ಪದಕಗಳನ್ನು ಬಲಕ್ಕೆ ತೊಡುತ್ತಿದ್ದಳು. ಮೇಜರನ ಹೆಂಡತಿಯಾಗಿ ಶಾಪದ ಒಂದು ಪಾಲು ಅವಳಿಗೂ ಬಂದಿತ್ತು: ಏನು ತಿಂದರೂ ಮಣ್ಣಿನ ರುಚಿ. ಕಡ್ಡಿಯಂತಾಗಿದ್ದಳು. ಮುದುಕಿಯಾದರೆ ನಾಲಿಗೆ ಸಾಯುತ್ತದೆ ಎಂದು ಸಿಲಾಸ್ ಊಟಕ್ಕೆ ಕೂತಾಗಲೆಲ್ಲ ಗೇಲಿ ಮಾಡುತ್ತಿದ್ದ.

"ಎಡಗಡೆ ಹಾಕ್ಕೊಂಡ್ರೆ ಇವು ನಂದು ಅಂದ ಹಾಗೆ. ಆಗ ಶಾಪಾನೂ ಪೂರ್ತಿ ನಿಂದೇ ಆಗುತ್ತೆ, ನನ್ನ ಪಾಲೂ ಸೇರಿ," ಎಂದಳು ಹೆಸ್ಟರ್.

"ಒಂಟೆಯವಳ ಶಾಪಕ್ಕೆ ಹಡಗಿನ ಟಿಕೆಟ್ ತೆಗೆಸಿಕೊಟ್ಟವರು ಯಾರು? ನಿನ್ನ ಮೇಜರ್‌ಗೆ ಹೊಟ್ಟೆಹುಣ್ಣಿತ್ತು, ಅಷ್ಟೇ," ಎಂದು ಸಿಲಾಸ್ ಎಡ ಎದೆಗೆ ಪಿನ್ನು ಚುಚ್ಚಿಕೊಂಡ. ಹೆಸ್ಟರ್ ಮತ್ತೆ ತಡೆಯಲಿಲ್ಲ.

ಯುದ್ಧ ಸ್ಮಾರಕದ ಬಳಿ ಒದ್ದೆ ಉಣ್ಣೆಯ ವಾಸನೆ, ನುಸಿಗುಳಿಗೆಯ ವಾಸನೆ. ಹನ್ನೊಂದು ಗಂಟೆಗೆ ಸತ್ತ ಯೋಧರ ನೆನಪಿಗೆ ಊರಿಗೆ ಊರೇ ಮೌನವಾಯಿತು. ಆ ಮೌನದಲ್ಲಿ ಸಿಲಾಸನ ಎಡ ಎದೆಗೆ ಬಿಸಿಯಾಗಿ ಯಾರೋ ಊದಿದರು. ತಿರುಗಿ ನೋಡಿದ. ಊದುವಷ್ಟು ಹತ್ತಿರ ಯಾರೂ ಇರಲಿಲ್ಲ. ಮತ್ತೊಮ್ಮೆ ಊದಿದರು. ಮೌನ ಮುಗಿದಾಗ ಜನರಲ್ ಪದಕಗಳತ್ತ ಬಗ್ಗಿ, ಬೋಲಾನ್‌ನಲ್ಲಿ ಅಷ್ಟು ದೊಡ್ಡ ದಂಡಿನ ಹೊಟ್ಟೆ ತುಂಬಿಸಿದವರು ನೀವೇನಾ ಎಂದು ಕೇಳಿದರು.

"ನಾನೇ ಸರ್," ಎಂದ ಸಿಲಾಸ್, ಊರೆಲ್ಲ ಕೇಳುವಂತೆ. "ಎಲ್ಲಾ ನಂದೇ ಕೆಲಸ."

ಪುರಭವನದಲ್ಲಿ ಊಟ. ಹುರಿದ ಕುರಿಮಾಂಸದ ಘಮಕ್ಕೆ ಬಾಯಲ್ಲಿ ನೀರೂರಿತು. ಮೊದಲ ತುಂಡು ಬಾಯಿಗಿಟ್ಟ. ಕರಕರ ಎಂದಿತು. ಬ್ರೆಡ್ ಕಚ್ಚಿದ. ಮರಳು. ವೈನ್ ಗುಟುಕರಿಸಿದ. ಬಾಯಲ್ಲೇ ಕೆಸರಾಯಿತು. ಪಿನ್ನು ಕೀಳಲು ಹೋದರೆ ಬೆರಳಿಗೆ ಕೂದಲು ಸುತ್ತಿಕೊಂಡಿತು. ಎಳೆದಷ್ಟೂ ಬರುತ್ತಿತ್ತು, ಗಂಟಿನ ಮೇಲೆ ಗಂಟು.

"ಎದ್ದು ನಿಂತು, ಇವು ನಂದಲ್ಲ ಅಂದ್ಬಿಡು," ಎಂದು ಪಕ್ಕದಲ್ಲಿದ್ದ ಹೆಸ್ಟರ್ ಪಿಸುಗುಟ್ಟಿದಳು. "ಆಂಬ್ರೋಸ್‌ಗೆ ಹಾಗನ್ನೋಕೆ ಆಗ್ಲಿಲ್ಲ, ಅವು ಅವನದ್ದೇ ಆಗಿದ್ವು. ನಿಂಗೆ ಆಗುತ್ತೆ. ಬೇಗ ಹೇಳು, ಸಿಲಾಸ್."

ಒಂದೇ ಮಾತು. ಹೇಳಿದ್ದರೆ ಉಳಿಯುತ್ತಿದ್ದ. ಸಿಲಾಸ್ ಸುತ್ತ ನೋಡಿದ. ಎಡಕ್ಕೆ ಜನರಲ್, ಎದುರಿಗೆ ಪಾದ್ರಿ, ಕ್ಲಬ್ಬಿನ ಅಷ್ಟೂ ಮಂದಿ. ನಾಳೆ ಇವರೆಲ್ಲ ಏನೆಂದು ನಗುತ್ತಾರೆ! ಹಾಳಾದ ಮರ್ಯಾದೆ. ಹಲ್ಲು ಕಚ್ಚಿ ಇನ್ನೊಂದು ತುತ್ತು ನುಂಗಿದ. ಮತ್ತೊಂದು. ಮಗದೊಂದು. ಜನರಲ್ ಮೆಚ್ಚಿ ಬೆನ್ನು ತಟ್ಟಿದರು.

ಆಗ ಹೊಟ್ಟೆಯೊಳಗೆ ಏನೋ ಜರಿಯಿತು. ಗಂಟಲು ತುಂಬಿತು. ಉಸಿರು ಸಿಕ್ಕಿಕೊಂಡಿತು. ಸಾಕು. ಮಾನ ಹೋದರೆ ಹೋಗಲಿ. ಹೇಳಿಬಿಡಬೇಕು. ಕುರ್ಚಿ ತಳ್ಳಿ ಎದ್ದ. ಭಾಷಣವೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಯಿ ತೆರೆದ. ಮಾತು ಬರಲಿಲ್ಲ. ಒಣ ಮರಳು ಬಂತು. ತುಟಿಯಿಂದ ಗದ್ದಕ್ಕೆ, ಗದ್ದದಿಂದ ಪದಕಗಳ ಮೇಲೆ. ಚಪ್ಪಾಳೆ ನಿಂತಿತು. ಯಾರದೋ ಕೈಯಿಂದ ಲೋಟ ಬಿತ್ತು. ಸಿಲಾಸ್ ಎರಡೂ ಕೈಯಿಂದ ಬಾಯಿ ಬಗೆದುಕೊಂಡ. ಬಗೆದಷ್ಟೂ ಸುರಿಯಿತು.

ಅವನು ನೆಲಕ್ಕೆ ಬಿದ್ದ. ಜನ ಕಿರುಚುತ್ತ ಅವನ ಸುತ್ತ ಕವಿದರು.

ಹೆಸ್ಟರ್ ಏಳಲಿಲ್ಲ. ಅವಳ ಮೂಗಿಗೆ ಏನೋ ಘಮ ಬಡಿದಿತ್ತು. ಗಂಡನ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಒಂದು ತುಂಡು ಕತ್ತರಿಸಿ, ಹೆದರಿ ಹೆದರಿ ನಾಲಿಗೆಗೆ ಇಟ್ಟಳು. ನಿಧಾನವಾಗಿ ಅಗಿದಳು. ಅವಳ ಕಣ್ಣಲ್ಲಿ ನೀರು ಬಂತು.

"ಎಷ್ಟು ಮೆತ್ತಗೆ ಬೆಂದಿದೆ," ಎಂದಳು. ಇನ್ನೊಂದು ತುಂಡು ಕತ್ತರಿಸಿಕೊಂಡಳು.